ಇದರ ಸ್ಕ್ರೀನ್‌ಶಾಟ್ ತಗೋ

"ಎಲ್ಲಿ ಸತ್ತಿದ್ಯೇ ಮುಂಡೆ? ಮತ್ತೆ ಉಚ್ಚೆಗ್ ಹೋಗಿದ್ಯಾ? ಬಸುರಿ ಕತ್ತೆ ಕಟ್ಕೊಂಡು ಏಗೋ ಕರ್ಮ ನಂದು!"

ನಜೀಹಾ ಹೊಟ್ಟೆ ಹಿಡಿದುಕೊಂಡು ಬಚ್ಚಲಿನಿಂದ ಬರುವಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಬೈಗುಳ ಕೂತಿತ್ತು. ಓದಿ ಮುಗಿಸುವ ಮೊದಲೇ ಮಾಯವಾಯಿತು. ಮೇಸ್ತ್ರಿ ಲಸ್ಸಾದ್ ಬರೆಯುವುದೂ ಬೇಗ, ಅಳಿಸುವುದೂ ಬೇಗ.

ಅರಬ್ಬರ ನಾಡಿನ ಸ್ಫಾಕ್ಸ್ ಊರಿನ ತನ್ನ ಅಡುಗೆಮನೆಯಲ್ಲೇ ಕೂತು, ಕಡಲಾಚೆಯ ಲಿಯಾನ್ ಎಂಬ ಫ್ರೆಂಚ್ ಊರಿನ ಚಪ್ಪಲಿ ಅಂಗಡಿಯ ಗಿರಾಕಿಗಳಿಗೆ ಫ್ರೆಂಚಿನಲ್ಲಿ ಉತ್ತರ ಬರೆಯುವುದು ಅವಳ ಕೂಲಿಕೆಲಸ. ಅಲ್ಲಿ ಅವಳ ಹೆಸರು ಕ್ಯಾಮಿಲ್. ನಜೀಹಾ ಎಂದರೆ ಗಿರಾಕಿಗಳ ಮುಖ ಹುಳ್ಳಗಾಗುತ್ತದಂತೆ. ಕಂಪ್ಯೂಟರ್ ಅವಳದು, ಕರೆಂಟ್ ಅವಳದು, ಅದರೊಳಗಿನ ಕಾವಲು ಮಾತ್ರ ಕಂಪನಿಯದು. ಕೆಲವೇ ನಿಮಿಷಕ್ಕೊಮ್ಮೆ ತಪ್ಪದೆ ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗಿ, ಅವಳ ಪರದೆಯ ಸ್ಕ್ರೀನ್‌ಶಾಟ್ ಲಸ್ಸಾದನಿಗೂ ಲಿಯಾನಿನ ಯಜಮಾನರಿಗೂ ಹೋಗುತ್ತಿತ್ತು. ಆ ಕಳ್ಳ ಲಸ್ಸಾದ್ ಒಂದು ಸಲ ಚುಕ್ಕೆ ಮಿನುಗಿದ ಮೇಲೆ ಬೈದು, ಮತ್ತೆ ಮಿನುಗುವುದರೊಳಗೆ ಅಳಿಸುತ್ತಿದ್ದ. ಹೆರಿಗೆ ರಜೆ ಕೊಡಬೇಕಾಗುವ ಮೊದಲು ಅವಳೇ ಬಿಟ್ಟು ತೊಲಗಲಿ ಎಂಬುದು ಅವನ ಹಂಚಿಕೆ.

ಅವಳು ದೂರು ಒಯ್ದಾಗ ಕಾರ್ಮಿಕ ಕಚೇರಿಯ ಅಧಿಕಾರಿ ಮೊದಲೇ ಹೇಳಿದ್ದ: "ಬಾಯ್ಮಾತು ಬ್ಯಾಡ. ಮೊಬೈಲಲ್ಲಿ ಹೊಡೆದಿದ್ದೂ ಬ್ಯಾಡ. ಕಂಪ್ಯೂಟರಲ್ಲೇ ತೆಗೆದಿದ್ದು ತಗಂಬಾ."

ಪಕ್ಕದ ಮನೆಯ ಮೆಹರ್ಜಿಯಾ ಕೀಲಿಮಣೆಯ ಗುಂಡಿ ತೋರಿಸಿದಳು. "ಇದನ್ನ ಒತ್ತವ್ವ, ಪರದೆ ಮೇಲಿರೋದ್ನ ಹಿಡ್ಕೊಂತದೆ. ಸಂಜೆಗೆ ಎಲ್ಲಾ ಒಟ್ಗೇ ಅಂಟಿಸ್ಕೊಂಡ್ರಾಯ್ತು."

ಶುಕ್ರವಾರವಿಡೀ ಒತ್ತಿದ್ದೇ ಒತ್ತಿದ್ದು. ಮುಂಡೆ ಅಂದ, ಒತ್ತಿದಳು. ಯಾರಿಗೆ ಬಸುರಾದ್ಯೇ ಅಂದ, ಕಣ್ಣೊರೆಸಿಕೊಂಡು ಒತ್ತಿದಳು. ಕೊನೆಗೆ ಅವನು ಎಲ್ಲ ಹೆಂಗಸರಿಗೂ ಕಳಿಸಿದ ಶುಕ್ರವಾರದ ಶುಭಾಶಯ ಬಂತು. ಅವನ ಹೆಸರು, ಮುಖ ಚೆನ್ನಾಗಿ ಕಾಣುತ್ತಿದೆಯೆಂದು ಅದನ್ನೂ ಒತ್ತಿದಳು.

ಸಂಜೆ ಅಂಟಿಸಿದರೆ ಬಂದದ್ದು ಆ ಶುಭಾಶಯವೊಂದೇ. ಹೊಸದನ್ನು ಹಿಡಿಯುವಾಗ ಯಂತ್ರ ಹಳೆಯದನ್ನು ಕೈಬಿಡುತ್ತದೆಂದು ಮೆಹರ್ಜಿಯಾಗೂ ಗೊತ್ತಿರಲಿಲ್ಲ. ನಜೀಹಾಗೆ ಕಂಪ್ಯೂಟರನ್ನೇ ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ಬಂತು. ಆದರೂ ಏನಾದರೂ ಆದೀತೆಂದು ಸೋಮವಾರ ಅದನ್ನೇ ಕಚೇರಿಗೆ ಒಯ್ದಳು.

ಅಧಿಕಾರಿ ಇಡೀ ಕೋಣೆಗೆ ಕೇಳುವಂತೆ ಓದಿದ. "'ಪ್ರೀತಿಯ ಅಕ್ಕತಂಗಿಯರೇ, ನೀವೇ ನಮ್ಮ ಮನೆಯ ದೀಪ!' ಇಂಥಾ ಮಾನವಂತನ ಮ್ಯಾಲೆ ದೂರಾ?"

"ಮಿಕ್ಕಿದ್ದೆಲ್ಲಾ ಹೋಯ್ತು ಸಾಹೇಬ್ರೇ, ಅವ್ನು ಅಳಿಸಾಕ್ತಾನೆ..."

"ಬಸುರೀಲಿ ತಲೆ ಹಿಂಗೇ ಕೆಡೋದು. ಹೋಗು, ಮನೇಲ್ ಬಿದ್ಕೋ."

ಅಲ್ಲಿದ್ದವರೆಲ್ಲ ನಕ್ಕರು. ಅವಳು ಹೊಟ್ಟೆಯನ್ನು ಕೈಚೀಲದಿಂದ ಮರೆಮಾಡಿಕೊಂಡು ಹೊರಬಂದಳು.

ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತದ್ದೇ ತಡ, ಲಸ್ಸಾದ್ ಶುರುಮಾಡಿದ. "ದೂರು ಕೊಡಕ್ಕೋಗಿದ್ಯೇನೇ ಸೂಳೆ? ನೀನು ಹೊಸ್ಲು ದಾಟೋ ಮುಂಚೆನೇ ಆ ಅಧಿಕಾರಿ ನಂಗೆ ಫೋನ್ ಹಾಕ್ದ. ಇವತ್ತಿಗೆ ನಿನ್ ಕೆಲ್ಸ ಮುಗೀತು." ಅದೂ ಅಳಿಸಿಹೋಯಿತು.

ಅವಳು ಗುಂಡಿ ಒತ್ತಲಿಲ್ಲ. ಖಾಲಿ ಹಾಳೆಯೊಂದನ್ನು ಪರದೆ ತುಂಬ ಹರಡಿ, ದಪ್ಪಕ್ಷರದಲ್ಲಿ ಬರೆಯತೊಡಗಿದಳು. ಅವನು ಅರಬ್ಬಿಯಲ್ಲಿ ಬೈದದ್ದನ್ನೆಲ್ಲ ಯಜಮಾನರಿಗೆ ತಿಳಿಯುವ ಫ್ರೆಂಚಿನಲ್ಲಿ ಬರೆದಳು. ಕೆಲವಕ್ಕೆ ಆ ಭಾಷೆಯಲ್ಲಿ ಮಾತೇ ಸಿಗಲಿಲ್ಲ. ಅವನ್ನು ಅರಬ್ಬಿಯಲ್ಲೇ ಇಟ್ಟಳು. ಕೆಳಗೆ ಲಸ್ಸಾದನ ಹೆಸರು. ಅದರ ಕೆಳಗೆ, ಕ್ಯಾಮಿಲ್ ಅಲ್ಲ, ನಜೀಹಾ.

ಕೆಂಪು ಚುಕ್ಕೆ ಮಿನುಗಿತು. ಗಿರಾಕಿಗಳ ಸಂದೇಶಗಳು ಒಂದರ ಹಿಂದೊಂದು ಬರುತ್ತಿದ್ದವು. ಅವಳು ಕೈಗಳನ್ನು ಕೀಲಿಮಣೆಯಿಂದ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ಏನೇ ಅದು? ಅಳಿಸೇ!" ಲಸ್ಸಾದನ ಬರಹ ಹಾಳೆಯ ಮೇಲೇ ಹಾರಿ ಬಂತು. "ಅಳಿಸೇ ಮುಂಡೆ, ಲಿಯಾನಿನೋರು ನೋಡ್ತಾರೆ! ಹೊಟ್ಟೇಲಿರೋದ್ ಹೊರಗ್ ಬರಂಗೆ ಒದೀತೀನಿ!"

ಅವನಿಗೆ ಗಾಬರಿ. ಚುಕ್ಕೆ ಮಿನುಗುವ ಸಮಯ ನೋಡುವುದನ್ನೇ ಮರೆತಿದ್ದ.

"ಇದನ್ನೂ ತಗಳ್ಲಾ," ಎಂದಳು ನಜೀಹಾ ಪರದೆಗೆ.

ಬೈಗುಳ ಇನ್ನೂ ಅಲ್ಲೇ ಇತ್ತು. ಚುಕ್ಕೆ ಮಿನುಗಿತು.