ಕಟ್ಟಿದ ಗಂಟೆಯ ಏಳು ಬಡಿತ

ಬಾಗಿಲು ಬಡಿದ ಸದ್ದಾಯಿತು. ಮೂರು ಬಡಿತ, ತುಸು ತಡೆದು ಇನ್ನೊಂದು.

ಗಂಟೆಯಕ್ಕ ಗಡಬಡಿಸಿ ಎದ್ದು ಚಿಲಕ ತೆಗೆದಳು. ಹೊಸ್ತಿಲಾಚೆ ಫಾದರ್ ನಿಂತಿದ್ದರು. ಕೈಯಲ್ಲಿ ಟಾರ್ಚು, ಅವಸರದಲ್ಲಿ ಅದಲುಬದಲಾಗಿ ಹಾಕಿಕೊಂಡ ಅಂಗಿಯ ಗುಂಡಿಗಳು. ಅವರು ಒಳಗೆ ಬರಲಿಲ್ಲ, ಹೊತ್ತಲ್ಲದ ಹೊತ್ತಿಗೆ ಬಂದದ್ದೇಕೆಂದು ಹೇಳಲೂ ಇಲ್ಲ. ಟಾರ್ಚಿನ ಬೆಳಕನ್ನು ಅವಳ ಮುಖದಿಂದ ಪಾದಕ್ಕಿಳಿಸಿ ಕೇಳಿದರು:

"ಅಮ್ಮ, ಗಂಟೆ ಬಾರಿಸಿದ್ದು ನೀವಾ?"

"ಯಾವ ಗಂಟೆ ಫಾದರ್?"

"ನಿಮಗೆ ಕೇಳಿಸಲೇ ಇಲ್ವಾ? ಏಳು ಸಲ ಬಾರಿಸಿತು. ಊರಿಗೆ ಊರೇ ಎದ್ದು ಕೂತಿದೆ."

ಅಂದು ಶುಭ ಶುಕ್ರವಾರ. ಗುರುವಾರ ಸಂಜೆಯ ಮಹಿಮಾ ಗೀತೆಗೆ ಬಾರಿಸಿದ ಗಂಟೆ ಮತ್ತೆ ಬಾಯಿ ಬಿಡಬೇಕಾದದ್ದು ಶನಿವಾರ ರಾತ್ರಿಯ ಜಾಗರಣೆಯಲ್ಲಿ, ಅದೇ ಗೀತೆ ಮೊದಲಾದಾಗ. ನಡುವಿನ ಎರಡು ದಿನ ಪ್ರಭು ಸಮಾಧಿಯಲ್ಲಿರುವ ದಿನಗಳು. ಆಗ ಪ್ರಾರ್ಥನೆಗೆ ಕರೆಯಲು ಮರದ ಗಿಲಕಿಯ ಕರಕರ ಸದ್ದೇ ಗತಿ. ಯಾರಾದರೂ ತೀರಿಕೊಂಡರೂ ಗಂಟೆ ಇಲ್ಲ. ಗುರುವಾರ ಪೂಜೆ ಮುಗಿದೊಡನೆ ಗಂಟೆಯ ಹಗ್ಗವನ್ನು ಸುರುಳಿ ಸುತ್ತಿ ಕೊಕ್ಕೆಗೆ ತೂಗುಹಾಕುವುದು ಅವಳ ಕೆಲಸ. ಗಂಡ ಇದ್ದಷ್ಟು ದಿನ ಅವನು ಮಾಡಿದ. ಅವನು ಕಣ್ಣು ಮುಚ್ಚಿದ ಮೇಲೆ ಅವಳು. ಇಬ್ಬರೂ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿತ್ತು.

"ನಾನು ಮಲಗಿದ್ದೆ ಫಾದರ್," ಎಂದಳು. ಗಂಟೆಯ ಕೆಳಗೆ ನಿಂತು ನಿಂತು ಬಲಗಿವಿ ಮಂದವಾಗಿತ್ತು. ಎಡ ಮಗ್ಗುಲಾಗಿ, ಒಳ್ಳೆಯ ಕಿವಿಯನ್ನು ದಿಂಬಿಗೊತ್ತಿ ಮಲಗಿದರೆ ಗುಡುಗಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಬಾಗಿಲು ಬಡಿದದ್ದು ಕೇಳಿಸಿದ್ದು ಆಗಷ್ಟೇ ಮಗ್ಗುಲು ಬದಲಿಸಿದ್ದರಿಂದ.

ಆದರೆ ಫಾದರ್ ಅವಳ ಪಾದಗಳನ್ನೇ ನೋಡುತ್ತಿದ್ದರು. ಅವಳೂ ನೋಡಿಕೊಂಡಳು. ಅಂಗಾಲ ಅಂಚಿನಲ್ಲಿ ಧೂಳು. ಮಧ್ಯಾಹ್ನ ಶಿಲುಬೆಯ ಹಾದಿಯಲ್ಲಿ ಬರಿಗಾಲಲ್ಲಿ ನಡೆದ ಧೂಳೋ, ಈಗ ಹತ್ತಿದ ಧೂಳೋ? ಅವಳಿಗೇ ಖಾತ್ರಿಯಾಗಲಿಲ್ಲ.

ಅವಳನ್ನು ಹೆದರಿಸಿದ್ದು ಆ ಅನುಮಾನವೇ. ಅವಳ ತಾಯಿ ಕೊನೆಗಾಲದಲ್ಲಿ ನಿದ್ದೆಗಣ್ಣಿನಲ್ಲೇ ಎದ್ದು ಒಲೆ ಹಚ್ಚುತ್ತಿದ್ದಳು, ಬೆಳಿಗ್ಗೆ ಕೇಳಿದರೆ ಮಗಳನ್ನೇ "ನೀನ್ಯಾರಮ್ಮ?" ಎನ್ನುತ್ತಿದ್ದಳು. ಹೋದ ತಿಂಗಳು ಗಂಟೆಯಕ್ಕ ಮಧ್ಯಾಹ್ನದ ಗಂಟೆಯನ್ನು ಎರಡೆರಡು ಸಲ ಬಾರಿಸಿದ್ದಳು. ಎಲ್ಲರೂ ನಕ್ಕು ಬಿಟ್ಟಿದ್ದರು. ಅವಳೊಬ್ಬಳಿಗೆ ನಗು ಬಂದಿರಲಿಲ್ಲ.

ಇಬ್ಬರೂ ಗೋಪುರಕ್ಕೆ ಹೋದರು. ಬಾಗಿಲಿಗೆ ಬೀಗವಿಲ್ಲ, ಬರೀ ಅಗುಳಿ; ಯಾರು ಬೇಕಾದರೂ ತೆಗೆಯಬಹುದು. ಹಗ್ಗ ಕೊಕ್ಕೆಯಲ್ಲೇ ಇತ್ತು, ಸುರುಳಿಯಾಗಿಯೇ ಇತ್ತು. ಆದರೆ ಗಂಟೆಯಕ್ಕ ಟಾರ್ಚನ್ನು ಕಿತ್ತುಕೊಂಡು ಹತ್ತಿರ ಹಿಡಿದಳು. ಸುರುಳಿ ತಿರುಗುಮುರುಗಾಗಿತ್ತು. ಅವಳು ಬಲಕ್ಕೆ ಸುತ್ತಿ ತುದಿಯನ್ನು ಬಲಗಡೆ ಸಿಕ್ಕಿಸುವವಳು. ಇದು ಎಡಕ್ಕೆ ಸುತ್ತಿತ್ತು, ತುದಿ ಎಡಗಡೆ.

"ಇದನ್ನ ಯಾರೂ ಮುಟ್ಟೋದು ಬೇಡ ಫಾದರ್," ಎಂದಳು. ಏಕೆಂದು ಹೇಳಲಿಲ್ಲ. ತನ್ನ ತಲೆಯಂತೆ ಕೈಯೂ ತಿರುಗಿಬಿಟ್ಟಿದೆಯೋ ಏನೋ ಎಂಬ ಭಯ ನಾಲಿಗೆಯನ್ನು ಕಟ್ಟಿಹಾಕಿತ್ತು.

*

ಶನಿವಾರ ಬೆಳಿಗ್ಗೆ ಪೂಜಾವಸ್ತ್ರಗಳ ಕೋಣೆಯಲ್ಲಿ ಚರ್ಚಿನ ಸಮಿತಿ ಸೇರಿತು. ಮೇಜಿನ ಮೇಲೆ ಆ ರಾತ್ರಿಗೆ ಬೇಕಾದ, ಪುನರುತ್ಥಾನದ ಪಾಸ್ಕ ಹಬ್ಬದ ದೊಡ್ಡ ಮೇಣದಬತ್ತಿ ಉದ್ದಕ್ಕೆ ಮಲಗಿತ್ತು. ಮೂಲೆಯಲ್ಲಿ ಮೇಣದಜ್ಜಿ ಕೂತು, ಜನ ಕೈಯಲ್ಲಿ ಹಿಡಿಯುವ ಸಣ್ಣ ಬತ್ತಿಗಳಿಗೆ ಕಾಗದದ ಬಟ್ಟಲು ಸಿಕ್ಕಿಸುತ್ತಿದ್ದಳು. ಅವಳಿಂದ ಒಂದು ಮಾತೂ ಹೊರಡುವಂತಿರಲಿಲ್ಲ. ಶುಕ್ರವಾರ ಮೂರು ಗಂಟೆಯಿಂದ ಶನಿವಾರ ರಾತ್ರಿ ಗಂಟೆ ಬಾರಿಸುವ ತನಕ ಮೌನ. ನಲವತ್ತು ವರ್ಷಗಳ ಹರಕೆ ಅದು. ಆ ಎರಡು ದಿನಗಳ ಬಾಕಿಯನ್ನೆಲ್ಲ ಅವಳು ಭಾನುವಾರವೇ ಮಾತಾಡಿ ತೀರಿಸುತ್ತಾಳೆಂಬುದು ಎಲ್ಲರೂ ಬಲ್ಲ ತಮಾಷೆ.

"ಏಳು ಅಂದ್ರೆ ಪ್ರಭು ಶಿಲುಬೆ ಮೇಲೆ ಆಡಿದ ಏಳು ಮಾತು," ಎಂದ ಕರೆಂಟಣ್ಣ. ಚರ್ಚಿನ ದೀಪ, ಧ್ವನಿವರ್ಧಕಗಳೆಲ್ಲ ಅವನ ಸುಪರ್ದಿ. "ಮಧ್ಯಾಹ್ನ ಅದರ ಮೇಲೇ ಪ್ರಸಂಗ ಆಯ್ತಲ್ಲ. ಅಕ್ಕನ ತಲೇಲಿ ಅದು ಉಳಕೊಂಡಿದೆ, ನಿದ್ದೇಲಿ ಎದ್ದು ಬಾರಿಸಿದಾಳೆ. ತಪ್ಪು ಅಂತಲ್ಲ. ವಯಸ್ಸು."

"ನೀನು ನೋಡಿದ್ಯೇನೋ?" ಎಂದು ಗಂಟೆಯಕ್ಕ ಕೇಳಿದಳು.

"ನೋಡಿಲ್ಲಕ್ಕ. ಆದ್ರೆ ಇನ್ಯಾರಿಗೆ ಬೇಕಾಗಿತ್ತು? ಇವತ್ತು ರಾತ್ರಿಗೆ ಯೋಚ್ನೆ ಬೇಡ ಫಾದರ್, ನನ್ನ ಹತ್ರ ಗಂಟೆ ಸದ್ದು ರೆಕಾರ್ಡ್ ಆಗಿದೆ. ಒಂದು ಬಟನ್ ಒತ್ತಿದ್ರೆ ಸಾಕು. ಹಗ್ಗ ಬೇಡ, ಅದಕ್ಕೆ ಮರೆವೂ ಇಲ್ಲ."

"ಕರೆಂಟು ಹೋದ್ರೆ ನಿನ್ನ ಗಂಟೆ ಬಾಯಿ ಮುಚ್ಕೊಂಡಿರುತ್ತೆ ಕಣಪ್ಪ," ಎಂದಳು ಗಂಟೆಯಕ್ಕ. ನಾಲ್ಕು ಜನ ನಕ್ಕರು. ನಗು ಬೇಗ ಆರಿತು.

ಸಮಿತಿಯ ಕಾರ್ಯದರ್ಶಿಯಾದ ಮೇಷ್ಟ್ರು ತಲೆಯೆತ್ತದೆ ನಡಾವಳಿ ಬರೆಯುತ್ತಿದ್ದರು. ನಿವೃತ್ತರು, ಒಂಟಿ ಮನುಷ್ಯ. ಬಾಲ್ಯದಲ್ಲಿ ಬೆತ್ತದೇಟು ತಿಂದು ಕಲಿತ ಬಲಗೈಯ ಅಕ್ಷರ ಮುತ್ತು ಪೋಣಿಸಿದಂತೆ. ಚರ್ಚಿನ ಕಟ್ಟಳೆಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಗಂಟೆಯಕ್ಕ ಅವರತ್ತ ತಿರುಗಿದಳು.

"ಮೇಷ್ಟ್ರೇ, ನೀವಾದ್ರೂ ಹೇಳಿ. ಒಂದು ಅವಕಾಶ ಕೊಡೋ ಹಾಗಿಲ್ವಾ?"

ಪೆನ್ನು ನಿಂತಿತು. "ಕಟ್ಟಳೇಲಿ ಕನಿಕರಕ್ಕೆ ಜಾಗ ಇಲ್ಲಮ್ಮ," ಎಂದರು ತಗ್ಗಿದ ದನಿಯಲ್ಲಿ. "ಇದ್ದಿದ್ರೆ ನಾನೇ ಎಲ್ಲರಿಗಿಂತ ಮೊದಲು ಕೇಳ್ತಿದ್ದೆ."

ಕೊನೆಗೆ ತೀರ್ಮಾನವಾಯಿತು. ರಾತ್ರಿ ಮಹಿಮಾ ಗೀತೆಯ ಹೊತ್ತಿಗೆ ಯಾರೂ ತಪ್ಪೊಪ್ಪಿಕೊಳ್ಳದಿದ್ದರೆ ಅದು ಗಂಟೆಯಕ್ಕನ ಕೈಯೆಂದೇ ಎಣಿಸುವುದು. ಗಂಟೆ ಕರೆಂಟಣ್ಣನ ಬಟನ್ನಿಗೆ. ಅವಳಿಗೆ ಇನ್ನು ವಿಶ್ರಾಂತಿ. ವಿಶ್ರಾಂತಿ ಎಂಬ ಮಾತನ್ನು ಫಾದರ್ ನೆಲ ನೋಡುತ್ತ ಹೇಳಿದರು.

*

ಮನೆಗೆ ಬಂದವಳೇ ಗಂಟೆಯಕ್ಕ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿದಳು. ಕಣ್ಣು ಮುಚ್ಚಿ ಸುತ್ತಿದಳು: ಬಲಕ್ಕೆ ಬಂತು. ಮತ್ತೆ ಸುತ್ತಿದಳು: ಬಲಕ್ಕೆ. ಬೇಕೆಂದೇ ಎಡಕ್ಕೆ ಸುತ್ತಲು ಹೋದರೆ ಹಗ್ಗ ಹುರಿಗೊಂಡು ಗಂಟುಗಂಟಾಗಿ ಕಾಲ ಮೇಲೆ ಬಿತ್ತು. ಹತ್ತು ಸಲ ಮಾಡಿದಳು, ಹತ್ತು ಸಲವೂ ಬಿತ್ತು. ತಲೆ ಮರೆತರೂ ಮರೆಯಲಿ, ಇಷ್ಟು ವರ್ಷ ಪಳಗಿದ ಕೈ ಮರೆಯುವುದಿಲ್ಲ. ಆ ಸುರುಳಿ ಸುತ್ತಿದವರು ಎಡಚರು.

ಅವಳು ಅಲ್ಲೇ ನೆಲದ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಬಹಳ ದಿನಗಳಿಂದ ಎದೆಯ ಮೇಲಿದ್ದ ಕಲ್ಲು ಕೆಳಗಿಳಿದಿತ್ತು.

ಆಮೇಲೆ ಯೋಚಿಸಿದಳು. ಏಳು. ಪ್ರಸಂಗ ಹೇಳುವವರಿಗೆ ಏಳು ಎಂದರೆ ಏಳು ಮಾತು. ಗಂಟೆ ಬಾರಿಸುವವರಿಗೆ ಹಾಗಲ್ಲ. ಈ ಚರ್ಚಿನಲ್ಲಿ ಸತ್ತವರಿಗೆ ವರ್ಷಕ್ಕೊಂದರಂತೆ ಬಡಿತ. ಎಂಬತ್ತರ ಮುದುಕನಿಗೆ ಎಂಬತ್ತು ಬಡಿದು ತೋಳು ಸೋತದ್ದುಂಟು. ಏಳು ಬಡಿದು ನಿಲ್ಲುವುದೆಂದರೆ...

ಅವಳು ಓಡುನಡಿಗೆಯಲ್ಲಿ, ಇನ್ನೂ ಪೂಜಾವಸ್ತ್ರಗಳ ಕೋಣೆಯಲ್ಲೇ ಕೂತಿದ್ದ ಮೇಣದಜ್ಜಿಯ ಬಳಿ ಬಂದಳು. ಜನರಿಗೆ ಕೆಲಸ ಕೊಟ್ಟಿದ್ದ ಊರಿನ ಗಿರಣಿ ಮುಚ್ಚಿದ ವರ್ಷ ಹಳಬರೆಲ್ಲ ಚದುರಿಹೋಗಿ, ಈಗಿನ ಬೆಂಚುಗಳಲ್ಲಿ ಕೂರುವವರು ಬಹುಪಾಲು ಹೊಸಬರೇ. ಹಳೆಯದನ್ನು ಬಲ್ಲವರನ್ನು ಬೆರಳಲ್ಲಿ ಎಣಿಸಬಹುದಿತ್ತು, ಅಜ್ಜಿ ಅವರಲ್ಲೊಬ್ಬಳು.

"ಅಜ್ಜೀ, ಏಳು ವರ್ಷದ ಮಗು ಯಾವುದಾದ್ರೂ ಇಲ್ಲಿ ಹೋಗಿತ್ತಾ? ಗಂಟೆ ಇಲ್ಲದ ದಿನ?"

ಅಜ್ಜಿಯ ಕೈಯಿಂದ ಕಾಗದದ ಬಟ್ಟಲು ಜಾರಿತು. ತುಟಿ ಅಲುಗಿತು, ಆದರೆ ಹರಕೆ ಗೆದ್ದಿತು. ಅವಳು ಅಂಗೈಯನ್ನು ನೆಲದಿಂದ ಮೊಣಕಾಲಿನ ಮೇಲಕ್ಕೆ, ಸೊಂಟದೆತ್ತರಕ್ಕೆ ತಂದು, ಅಲ್ಲೊಂದು ತಲೆಯಿದೆಯೇನೋ ಎಂಬಂತೆ ಗಾಳಿಯನ್ನು ನೇವರಿಸಿದಳು. ಮತ್ತೆ ಗೋಡೆಯ ಕಪಾಟನ್ನು ತೋರಿಸಿದಳು. ಸಮಾಧಿ ದಾಖಲೆಗಳಿದ್ದ ಕಪಾಟು ಅದು.

*

ಸಂಜೆ, ಹೊರಗೆ ಹೊಸ ಬೆಂಕಿಗೆ ಕಟ್ಟಿಗೆ ಪೇರಿಸುತ್ತಿದ್ದಾಗ, ಫಾದರ್ ಕಪಾಟು ತೆಗೆದರು. ಅವರು ಇಲ್ಲಿಗೆ ಬಂದು ಎರಡೇ ವರ್ಷ. ಆ ಪುಸ್ತಕಗಳನ್ನು ಅವರೂ ಬಿಡಿಸಿ ನೋಡಿರಲಿಲ್ಲ. ಗಂಟೆಯಕ್ಕನ ಬಾಯಿಂದ ಸುರುಳಿಯ ವಿಷಯ ಕೇಳಿದ ಮೇಲೆ ಅವರ ಬೆರಳು ಅವಸರವಾಗಿ ಓಡಿತು. ಮೂರನೆಯ ಪುಸ್ತಕದ ನಡುವಿನಲ್ಲಿ ನಿಂತಿತು.

"ಇಪ್ಪತ್ತೆರಡು ವರ್ಷದ ಹಿಂದೆ. ಗಂಡು ಮಗು, ಏಳು ವರ್ಷ, ಜ್ವರ. ಶುಭ ಶುಕ್ರವಾರ ಸಮಾಧಿ." ಅವರ ಬೆರಳು ಹಾಳೆಯ ಅಂಚಿಗೆ ಸರಿಯಿತು. "ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಬರೆದಿದೆ: 'ಕಟ್ಟಳೆಯಂತೆ ಗಂಟೆ ಬಾರಿಸಿಲ್ಲ.' ಅಮ್ಮ, ತಾರೀಖು ನೋಡಿ. ನಿನ್ನೆಯದೇ ತಾರೀಖು."

ಶುಭ ಶುಕ್ರವಾರ ಪ್ರತಿ ವರ್ಷ ಜಾಗ ಬದಲಿಸುವ ದಿನ. ಅದು ಅದೇ ತಾರೀಖಿಗೆ ತಿರುಗಿ ಬರಲು ಯಾರೋ ಇಪ್ಪತ್ತೆರಡು ವರ್ಷ ಕಾದಿದ್ದರು.

ಫಾದರ್ ಬೆರಳು ತಂದೆಯ ಹೆಸರಿನತ್ತ ಸರಿಯಿತು. ಅವರ ಮುಖದ ಬಣ್ಣವೇ ಇಳಿದುಹೋಯಿತು. ಗಂಟೆಯಕ್ಕ ತಟ್ಟನೆ ಪುಸ್ತಕದ ಮೇಲೆ ಅಂಗೈ ಇಟ್ಟಳು.

"ಹೇಳಬೇಡಿ ಫಾದರ್."

"ಹೇಳದಿದ್ರೆ ಹಗ್ಗ ನಿಮ್ಮ ಕೈ ತಪ್ಪುತ್ತೆ ಅಮ್ಮ. ಸಮಿತಿ ನಿರ್ಣಯ ಗೊತ್ತಲ್ಲ?"

"ಗೊತ್ತು. ಹಗ್ಗ ಇಲ್ಲದಿದ್ರೆ ನನಗೆ ನಾಳೆ ಬೆಳಿಗ್ಗೆ ಏಳೋಕೆ ಕಾರಣ ಇಲ್ಲ, ಅದೂ ಗೊತ್ತು." ಅವಳು ಪುಸ್ತಕದ ಮೇಲಿನ ಅಂಗೈ ತೆಗೆಯಲಿಲ್ಲ. "ನನ್ನ ತಲೆ ನೆಟ್ಟಗಿದೆ ಅಂತ ನನಗೆ ತಿಳೀಬೇಕಿತ್ತು, ತಿಳೀತು. ಮಗುವಿಗೆ ಗಂಟೆ ಬಾರಿಸಿದ ಕೈಯನ್ನ ಹಿಡಿದುಕೊಡೋ ಕೆಲಸ ನನ್ನಿಂದಾಗಲ್ಲ. ಹೇಳೋದಿದ್ರೆ ಅವರೇ ಹೇಳಲಿ."

ಫಾದರ್ ಪುಸ್ತಕ ಮುಚ್ಚಿದರು.

*

ರಾತ್ರಿ ದೀಪಗಳೆಲ್ಲ ಆರಿದವು. ಅಂಗಳದ ಬೆಂಕಿಯಿಂದ ಹೊತ್ತಿದ ದೊಡ್ಡ ಬತ್ತಿ ಕತ್ತಲ ಚರ್ಚಿನೊಳಗೆ ಬಂತು. "ಕ್ರಿಸ್ತರ ಜ್ಯೋತಿ!" ಎಂಬ ಹಾಡು ಮೂರು ಸಲ ಏರಿತು, ಬತ್ತಿಯಿಂದ ಬತ್ತಿಗೆ, ಕೈಯಿಂದ ಕೈಗೆ ಬೆಳಕು ಹರಿಯಿತು. ವಾಚನಗಳು ಒಂದಾದ ಮೇಲೊಂದು ಸಾಗಿದವು. ಗಂಟೆಯಕ್ಕ ಅಭ್ಯಾಸಬಲದಿಂದ ಗೋಪುರದ ಬಾಗಿಲಲ್ಲೇ ನಿಂತಿದ್ದಳು, ಹಗ್ಗಕ್ಕೆ ಒಂದು ಮಾರು ದೂರದಲ್ಲಿ, ಬರಿಗೈಯಲ್ಲಿ. ಹಿಂದಿನ ಸಾಲಿನಲ್ಲಿ ಕರೆಂಟಣ್ಣನ ಬೆರಳು ಬಟನ್ನಿನ ಮೇಲೆ ಸಿದ್ಧವಾಗಿತ್ತು.

ಕೊನೆಯ ವಾಚನ ಮುಗಿಯಿತು. ಇನ್ನು ಮಹಿಮಾ ಗೀತೆ. ಫಾದರ್ ಪೀಠದ ಮುಂದೆ ಎದ್ದು ನಿಂತರು, ಆದರೆ ಹಾಡು ಎತ್ತಲಿಲ್ಲ. ಅವರು ಕತ್ತಲತ್ತ ನೋಡುತ್ತ ಸುಮ್ಮನೆ ಕಾದರು. ಒಂದು ನಿಮಿಷ. ಎರಡು. ಬೆಂಚುಗಳಲ್ಲಿ ಪಿಸುಮಾತು ಎದ್ದಿತು. ಗಂಟೆಯಕ್ಕ ಕಣ್ಣು ಮುಚ್ಚಿದಳು. ಮುಗಿಯಿತು ಎಂದುಕೊಂಡಳು.

ಆಗ ಹೆಜ್ಜೆಯ ಸದ್ದು. ನಡುದಾರಿಯುದ್ದಕ್ಕೂ ಒಂದು ಸಣ್ಣ ಬತ್ತಿ ಅವಳ ಕಡೆಗೇ ಬರುತ್ತಿತ್ತು. ನಡಿಗೆಯ ಗಾಳಿಗೆ ಜ್ವಾಲೆ ಹೊಯ್ದಾಡಿ ಮುಖ ಕಾಣಲಿಲ್ಲ. ಬಂದವರು ಅವಳನ್ನು ದಾಟಿ ಗೋಪುರದೊಳಗೆ ಹೋದರು. ಬತ್ತಿಯನ್ನು ಬಲಗೈಯಲ್ಲೇ ಹಿಡಿದು, ಎಡಗೈ ಚಾಚಿ, ಎಡಗಡೆಯ ತುದಿಯನ್ನು ಒಂದೇ ಎಳೆತಕ್ಕೆ ಬಿಡಿಸಿದರು. ಸುರುಳಿ ಒಂದೂ ಗಂಟಾಗದೆ ನೀರಿನಂತೆ ಇಳಿಯಿತು. ಆ ಹಗ್ಗವನ್ನು ತಂದು ಗಂಟೆಯಕ್ಕನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಮೇಲೆ ಮಡಿಸಿ, ಜನರತ್ತ ತಿರುಗಿದರು.

"ನಿನ್ನೆ ಬಾರಿಸಿದ್ದು ಈ ತಾಯಿಯಲ್ಲ, ನನ್ನ ಮಗನಿಗಾಗಿ ನಾನು," ಎಂದರು ಮೇಷ್ಟ್ರು.