ಅಂಗಡಿ ಮುಂದಿನ ಗಾಡಿ

ಕೋರಲಿ ಟೆಬಟ್ ನಗರಸಭೆಯ ಗೂಢಚಾರಿಣಿ ಎಂಬುದರಲ್ಲಿ ವದೀಹ್‌ನಿಗೆ ಸಂದೇಹ ಉಳಿದಿರಲಿಲ್ಲ. ಬ್ರನ್ಸ್‌ವಿಕ್‌ನ ಟ್ರಾಮ್ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗವನ್ನು ತೆಗೆದು ಸೈಕಲ್ ಹಾದಿ ಮಾಡುವ ಯೋಜನೆ ಹೊರಬಿದ್ದೊಡನೆ, ಅವನು ತನ್ನ ರೊಟ್ಟಿಯಂಗಡಿಯ ಕಿಟಕಿಗೆ ‘ಕಾರು ನಿಲ್ಲದಿದ್ದರೆ ಅಂಗಡಿಯೂ ನಿಲ್ಲದು’ ಎಂಬ ಫಲಕ ಅಂಟಿಸಿದ್ದ. ಅಂದಿನಿಂದ, ಅವನಲ್ಲಿ ರೊಟ್ಟಿ ಕೊಳ್ಳುತ್ತಿದ್ದ ಆ ಮುದುಕಿಯ ನಡೆಯೇ ಬದಲಾಗಿತ್ತು. ಬಾಗಿಲಲ್ಲಿ ಇಣುಕಿ ನೋಡುವಳು. ಉಬ್ಬಿದ ಚೀಲವೊಂದನ್ನು ಬೆನ್ನ ಹಿಂದೆ ಮರೆಮಾಡುವಳು. ಬಿಸಿಲಿಲ್ಲದ ದಿನವೂ ಬೆವರುವಳು.

“ಚೀಲದಲ್ಲಿ ಕ್ಯಾಮೆರಾ ಇದೆ,” ಎಂದ ವದೀಹ್.

“ನಿನ್ನ ಮುಖ ತೆಗೆದು ಯಾರಿಗೆ ತೋರಿಸ್ತಾಳೆ? ಹಿಟ್ಟು ಉಬ್ಬಿದ್ರೂ ನಿಂಗೆ ಅನುಮಾನ!” ಹೆಂಡತಿ ನುಹಾದ್ ನಕ್ಕಳು.

ಅಂದು ಸಂಜೆ ವರ್ತಕರ ಸಭೆ. ಗಿರಾಕಿಗಳೆಲ್ಲ ಕಾರಿನಲ್ಲೇ ಬರುವವರೆಂದು ಎದ್ದು ಸಾರಬೇಕಾದವನು ಅವನೇ. ಅದಕ್ಕೆ ಮುನ್ನ ಈ ಗುಟ್ಟು ರಟ್ಟಾಗಲೆಂದು, ಕೋರಲಿ ರೊಟ್ಟಿ ಕೊಂಡು ಹೊರಟೊಡನೆ ಬೆನ್ನು ಹತ್ತಿದ. ಮೂಲೆ ತಿರುಗಿದವಳು ಬೇಲಿಗೆ ಒರಗಿಸಿದ್ದ ಸೈಕಲ್ಲಿನ ಬೀಗ ತೆಗೆದು, ಚೀಲದಿಂದ ಹೆಲ್ಮೆಟ್ ಎತ್ತಿ ತಲೆಗಿಟ್ಟಳು.

“ಇದೇನು ಕೋರಲಿ? ಕಾರೆಲ್ಲಿ?”

“ಕಾರು ಮಾರಿ ಯಾವ ಕಾಲವಾಯ್ತಪ್ಪಾ. ನಿನ್ನ ವ್ಯಾನಿನ ಮರೆಯಲ್ಲಿರೋ ಕಂಬಕ್ಕೇ ಸೈಕಲ್ ಕಟ್ತಿದ್ದೆ, ನಿನಗೆ ಕಾಣ್ತಿರಲಿಲ್ಲ. ಆ ಫಲಕ ಓದಿದ ಮೇಲೆ ಮುಜುಗರ.”

“ಅಷ್ಟಕ್ಕೇ ಮುಚ್ಚಿಡೋದಾ?”

“ಇರಲಿ ಬಿಡು, ಇನ್ನು ಬರಲ್ಲ. ನಿನ್ನೆ ಯಾರೋ ನಿಂತ ಗಾಡಿಯ ಬಾಗಿಲು ದಡಕ್ಕನೆ ತೆಗೆದ. ತಪ್ಪಿಸ್ಕೊಳ್ಳೋಕೆ ಹೋಗಿ ಟ್ರಾಮ್ ಹಳಿ ಮೇಲೆ ಬಿದ್ದೆ. ಹಿಂದೆ ಟ್ರಾಮ್ ಇರ್ಲಿಲ್ಲ, ಬದುಕಿದೆ.”

“ಯಾವ ಕತ್ತೆ ಅವನು? ಹೇಳು, ನೋಡ್ಕೋತೀನಿ!”

ಕೋರಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. “ನೀನೇ. ಇಳಿದವನು ತಿರುಗಿಯೂ ನೋಡ್ಲಿಲ್ಲ.”

ವದೀಹ್ ಅಂಗಡಿಯತ್ತ ತಿರುಗಿ ನೋಡಿದ. ಗಿರಾಕಿಗಳ ಕಾರಿಗೆಂದು ಅವನು ಹೋರಾಡುತ್ತಿದ್ದ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿದ್ದುದು ಅವನದೇ ವ್ಯಾನು.

ಸಭೆಯಲ್ಲಿ ಸರದಿ ಬಂದಾಗ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಸೈಕಲ್ ಹಾದಿ ಆಗ್ಲಿ. ಬೇಡ ಅನ್ನೋರು ಮೊದಲು ಇದನ್ನ ಹೇಳಿ: ನಿಮ್ಮಂಗಡಿ ಮುಂದೆ ದಿನವಿಡೀ ನಿಂತಿರೋ ಗಾಡಿ ಯಾರದ್ದು?”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಹಲವರು ಜೇಬಿನ ಕೀಲಿಕೈ ತಡವಿಕೊಂಡರು. ಬಳಿಕ ಹಿಂದಿನ ಸಾಲಿನಿಂದ ಮಾಂಸದಂಗಡಿಯ ಮಿಲಾದ್ ಕೂಗಿದ:

“ಏನಯ್ಯಾ, ಯಾವತ್ತಿಂದ ನಗರಸಭೆಯೋರ ಕಡೆ ಸೇರ್ಕೊಂಡೆ?”

ಇಡೀ ಸಭೆ ಕಣ್ಣು ಕಿರಿದಾಗಿಸಿ ಅವನನ್ನೇ ನೋಡತೊಡಗಿತು. ವದೀಹ್ ಕುಳಿತುಕೊಳ್ಳಲಿಲ್ಲ.