ಹಳದಿ ಟೋಪಿ ರಸ್ತೆಗಲ್ಲ

ಭದ್ರಾವತಿಯ ಸಮತಾಳ ಮನೆಯಲ್ಲಿ ದಿನಾ ಬೆಳಗ್ಗೆ ಒಂದೇ ಜಗಳ. ಗಂಡ ಶಿವಪ್ರಸಾದ್‌ಗೆ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಕೆಲಸ. ಅಲ್ಲಿ ಕೊಟ್ಟ ಹಳದಿ ಪ್ಲಾಸ್ಟಿಕ್ ಟೋಪಿಯನ್ನೇ ತಲೆಗಿಟ್ಟುಕೊಂಡು ಬೈಕ್ ಹತ್ತಿಬಿಡುತ್ತಿದ್ದ.

“ಇದೂ ಹೆಲ್ಮೆಟ್ಟೇ ಅಲ್ವೇನೇ ಮಾರಾಯ್ತಿ? ಮೇಲಿಂದ ಕಬ್ಬಿಣ ಬಿದ್ರೂ ತಡೆಯುತ್ತೆ. ರಸ್ತೆ ಏನು ಮಹಾ!”

“ರಸ್ತೆ ಮೇಲಿಂದ ಬೀಳಲ್ಲ ರೀ. ನೀವೇ ಅದ್ರ ಮೇಲೆ ಬೀಳೋದು.”

ಅವನು ಕೇಳಬೇಕಲ್ಲ! ಅತ್ತೆ ದ್ಯಾಮಮ್ಮನೂ ಮಗನ ಕಡೆಗೇ. “ದೊಡ್ಡ ಹೆಲ್ಮೆಟ್ ಹಾಕಿದ್ರೆ ಕೂದ್ಲು ಉದುರುತ್ತಂತೆ, ಬಿಡೇ” ಎನ್ನುತ್ತಿದ್ದಳು.

ಒಂದು ಭಾನುವಾರ ಪಕ್ಕದ ಮನೆಯ ದಿವ್ಯಶ್ರೀ ಮೊಸರಿಗೆ ಹೆಪ್ಪು ಕೇಳಲು ಬಂದಳು. ಅವಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಜಗಳ ಅವಳ ಕಿವಿಗೂ ಬಿತ್ತು.

“ಅಣ್ಣ, ಆ ಟೋಪಿ ಹಾಕ್ಕೊಂಡು ಬಾಗಿ ಕಾಲ್ಬೆರಳು ಮುಟ್ಟಿ, ನೋಡೋಣ.”

ಶಿವಪ್ರಸಾದ್ ಬಾಗಿದ. ಟೋಪಿ ಜಾರಿ ಉರುಳಿಕೊಂಡು ಹೋಗಿ ದ್ಯಾಮಮ್ಮನ ಕಾಲ ಬಳಿ ನಿಂತಿತು.

“ನೋಡಿದ್ರಾ? ನಿಮಗಿಂತ ಮೊದ್ಲು ಅದೇ ಬೀಳುತ್ತೆ. ಕೈ ಮುರಿದ್ರೆ ಕೂಡಿಸ್ತಾರೆ ಅಣ್ಣ. ಮಿದುಳಿಗೆ ಪೆಟ್ಟು ಬಿದ್ದು ಹೆಂಡ್ತಿ ಹೆಸ್ರೇ ಮರ್ತೋದೋರನ್ನ ನಾನು ನೋಡಿದೀನಿ.”

ಆ ಮಾತು ನಾಟಿತು. ಸಂಜೆಯೇ ಗಂಡ ಹೆಂಡತಿ ಅಂಗಡಿಗೆ ಹೋದರು. ಅವನು ಐಎಸ್‌ಐ ಗುರುತಿನ ಒಂದು ಹೆಲ್ಮೆಟ್ ಆರಿಸಿದ.

“ಹಿಂದೆ ಕೂರೋ ನನ್ನ ತಲೆ ಏನು ತೆಂಗಿನಕಾಯಾ?” ಎಂದಳು ಸಮತಾ. ಎರಡು ಹೆಲ್ಮೆಟ್ ಬಂದವು.

ಆದರೂ ಗದ್ದದ ಪಟ್ಟಿ ಹಾಕಲು ಅವನಿಗೆ ಸೋಮಾರಿತನ. ‘ಟಕ್’ ಎಂಬ ಸದ್ದು ಕೇಳದೆ ಸಮತಾ ಬೆಳಗ್ಗೆ ಗೇಟು ತೆಗೆಯುತ್ತಲೇ ಇರಲಿಲ್ಲ.

ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. “ಅಕ್ಕ, ನಿಮ್ ಯಜಮಾನ್ರು ಬೈಕಿಂದ ಬಿದ್ದಿದಾರೆ. ಸರ್ಕಾರಿ ಆಸ್ಪತ್ರೆಗೆ ಬನ್ನಿ.”

ಬೆಳಗ್ಗೆ ಸಮತಾ ಪಟ್ಟಿಯ ಸದ್ದು ಕೇಳಿದ್ದಳು, ಸರಿ. ಸಂಜೆ ಫ್ಯಾಕ್ಟರಿಯಿಂದ ಹೊರಡುವಾಗ ಕೇಳಲು ಅಲ್ಲಿ ಯಾರಿದ್ದರು? ಆಟೋದಲ್ಲಿ ದ್ಯಾಮಮ್ಮ ಚೌಡಮ್ಮ ದೇವಿಗೆ ಹರಕೆ ಹೊರುತ್ತಿದ್ದಳು. ದಿವ್ಯಶ್ರೀ ಹೇಳಿದ ಆ ಮರೆವಿನ ಮಾತೇ ಸಮತಾಳ ತಲೆಯಲ್ಲಿ ಸುತ್ತುತ್ತಿತ್ತು.

ವಾರ್ಡಿನ ಬಾಗಿಲಲ್ಲಿ ಅವಳ ಕಾಲು ನಿಂತುಹೋಯಿತು. ಒಳಗಿಂದ ಕೂಗು ಬಂತು.

“ಸಮತಾ, ಇಲ್ಲಿದೀನಿ ಬಾರೇ!”

ಹೆಸರು ಹಿಡಿದು ಕರೆದನಲ್ಲ! ಅವಳು ಅಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಅವನ ಕೈಗೆ ಬ್ಯಾಂಡೇಜ್ ಕಟ್ಟಿದ್ದರು.

“ನಾಯಿ ಅಡ್ಡ ಬಂತು. ತಲೆಗೇನೂ ಆಗಿಲ್ಲ ಅಂದ್ರು ಡಾಕ್ಟ್ರು. ನೀನು ಇಲ್ದಿದ್ರೂ ಪಟ್ಟಿ ಹಾಕಿದ್ದೆ ಕಣೇ.”

ಮಂಚದ ಕೆಳಗೆ ಬಿರುಕು ಬಿಟ್ಟ ಹೆಲ್ಮೆಟ್ ಇತ್ತು. ದ್ಯಾಮಮ್ಮ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. “ತಲೆಗೆ ಬಂದದ್ದು ಮುಂಡಾಸಿಗೆ ಹೋಯ್ತು. ಇದನ್ನ ದೇವ್ರ ಮುಂದೆ ಇಡ್ತೀನಿ.”

“ಇಡಿ ಅಮ್ಮ, ಆದ್ರೆ ತಲೆಗೆ ಮಾತ್ರ ಬೇಡ” ಎಂದಳು ವಿಷಯ ತಿಳಿದು ಓಡಿಬಂದಿದ್ದ ದಿವ್ಯಶ್ರೀ. “ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಕಾಯಲ್ಲ. ಹೊಸದು ತಗೊಳ್ಳಿ.”

“ನಾಳೆನೇ ತರ್ಸೇ” ಎಂದು ಅತ್ತೆಯೇ ಸೊಸೆಗೆ ಹೇಳಿದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಗಾಡಿ ತೆಗೆಯುವ ಮುಂಚೆ ನೀವೂ ಒಮ್ಮೆ ಬಾಗಿ ನೋಡಿ. ತಲೆಯ ಮೇಲಿದ್ದದ್ದು ಉದುರಿದರೆ ಅದು ಹೆಲ್ಮೆಟ್ ಅಲ್ಲ. ಐಎಸ್‌ಐ ಗುರುತಿನದನ್ನೇ ಹಾಕಿ, ಪಟ್ಟಿ ಬಿಗಿಯಿರಿ, ಹಿಂದೆ ಕೂರುವವರಿಗೂ ಒಂದು ಕೊಡಿ. ಸಂಜೆ ನಿಮ್ಮ ಬಾಯಿಂದ ತಮ್ಮ ಹೆಸರು ಕೇಳಲು ಮನೆಯವರು ಕಾಯುತ್ತಿರುತ್ತಾರೆ.